ಆರ್‌ವಿ ಟ್ಯಾಂಕಿನ ಬಿಗಿ ವಾಲ್ವಿಗೆ ಥೆಟ್‌ಫರ್ಡ್ ಲೂಬ್ರಿಕಂಟ್: ಮೂರು ಸೀಸನ್ ಬಳಸಿದ ಮೇಲೆ

ಮೊದಲು ನೇರ ವಿಷಯ. ಥೆಟ್‌ಫರ್ಡ್ ಕಂಪನಿಯ ಡ್ರೈನ್ ವಾಲ್ವ್ ಲೂಬ್ರಿಕಂಟ್, 24 ಔನ್ಸ್ ಬಾಟಲಿ, ಅಂದರೆ ಸುಮಾರು 710 ಮಿಲಿ. ಆರ್‌ವಿ ಅಂದರೆ ಚಕ್ರದ ಮೇಲೆ ಓಡಾಡುವ ಮನೆ, ಅದರ ಕೊಳಕು ನೀರಿನ ಟ್ಯಾಂಕ್ ಖಾಲಿ ಮಾಡುವ ವಾಲ್ವ್ ಸಲೀಸಾಗಿ ಜರುಗಲಿ ಅಂತ ಹಾಕುವ ದ್ರವ ಇದು. ವಾಲ್ವ್ ಬಿಗಿಯಾಗಿದೆ, ಆದರೆ ಇನ್ನೂ ಜರುಗುತ್ತಿದೆ ಅನ್ನುವ ಹಂತದಲ್ಲಿದ್ದರೆ ಯೋಚನೆ ಮಾಡದೆ ತಗೊಳ್ಳಿ. ಹಿಡಿಕೆ ಅಲ್ಲಾಡುವುದೇ ಇಲ್ಲ ಅಂತಾದರೆ ಸ್ವಲ್ಪ ತಡೆಯಿರಿ, ಇದನ್ನು ಪೂರ್ತಿ ಓದಿ. ಯಾಕೆಂದರೆ ನಿಮ್ಮ ತೊಂದರೆ ಈ ಬಾಟಲಿ ಮುಟ್ಟದ ಜಾಗದಲ್ಲಿ ಇರಬಹುದು. ನನ್ನದು ಹಾಗೇ ಇತ್ತು, ಅದು ಗೊತ್ತಾಗುವುದಕ್ಕೆ ಮುಂಚೆ ಒಂದು ಪ್ರವಾಸದ ಕೊನೆ ಹಾಳಾಯಿತು.

ನಾವಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಪಕ್ಕದ ನೋವೈ ಊರಿನಲ್ಲಿ. 26 ಅಡಿಯ ಟ್ರಾವೆಲ್ ಟ್ರೈಲರ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆವು. ಪಿಕಪ್ ಹಿಂದೆ ಕಟ್ಟಿಕೊಂಡು ಹೋಗುವ ಪುಟ್ಟ ಮನೆ ಅದು. ಒಲೆ, ಸಿಂಕ್, ಬಚ್ಚಲು, ಟಾಯ್ಲೆಟ್ ಎಲ್ಲಾ ಇದೆ. ಅಮ್ಮನಿಗೆ ಹೋಟೆಲ್ ಊಟ ಒಗ್ಗುವುದಿಲ್ಲ, ಅಪ್ಪನಿಗೆ ಹೊರಗಿನ ಟಾಯ್ಲೆಟ್ ಒಗ್ಗುವುದಿಲ್ಲ. ಅವರಿಬ್ಬರೂ ಬೇಸಿಗೆಗೆ ಬಂದಾಗ ಕರೆದುಕೊಂಡು ಓಡಾಡಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಕಾಣಲಿಲ್ಲ.

ಇಂಥ ಮನೆಯಲ್ಲಿ ಕೊಳಕು ನೀರು ನೇರ ಚರಂಡಿಗೆ ಹೋಗುವುದಿಲ್ಲ. ಗಾಡಿಯ ಕೆಳಗೆ ಟ್ಯಾಂಕ್‌ಗಳಲ್ಲಿ ತುಂಬಿಕೊಳ್ಳುತ್ತದೆ. ಟಾಯ್ಲೆಟ್ಟಿನದು ಬ್ಲ್ಯಾಕ್ ಟ್ಯಾಂಕ್. ಸಿಂಕ್ ಮತ್ತು ಸ್ನಾನದ ನೀರು ಗ್ರೇ ಟ್ಯಾಂಕ್. ನಮ್ಮದರಲ್ಲಿ ಎರಡೂ 30 ಗ್ಯಾಲನ್. ಕ್ಯಾಂಪ್‌ಗ್ರೌಂಡ್ ಬಿಡುವಾಗ ಡಂಪ್ ಸ್ಟೇಷನ್‌ಗೆ ಹೋಗಿ, ದಪ್ಪ ಹೋಸ್ ಸಿಕ್ಕಿಸಿ, ಹಿಡಿಕೆ ಎಳೆದು ಖಾಲಿ ಮಾಡಬೇಕು. ಆ ಹಿಡಿಕೆಯ ತುದಿಯಲ್ಲಿ ಇರುವುದೇ ಈ ವಾಲ್ವ್.

ದೊಡ್ಡ ಯಂತ್ರವೇನಲ್ಲ ಅದು. ಎರಡು ಪ್ಲಾಸ್ಟಿಕ್ ಪೈಪಿನ ಬಾಯಿ, ನಡುವೆ ತೆಳ್ಳಗಿನ ಒಂದು ಹಲಗೆ. ಎಳೆದರೆ ಹಲಗೆ ಪಕ್ಕಕ್ಕೆ ಸರಿದು ದಾರಿ ಬಿಡುತ್ತದೆ, ತಳ್ಳಿದರೆ ಮುಚ್ಚುತ್ತದೆ. ಹಲಗೆಯ ಆ ಕಡೆ ಈ ಕಡೆ ಒಂದೊಂದು ರಬ್ಬರ್ ಸೀಲ್. ಎಲ್ಲವನ್ನೂ ನಾಲ್ಕು ಬೋಲ್ಟ್ ಹಿಡಿದಿಟ್ಟಿವೆ. ಬ್ಲ್ಯಾಕ್ ಟ್ಯಾಂಕಿಗೆ 3 ಇಂಚಿನದು, ಗ್ರೇಗೆ ಎಷ್ಟೋ ಗಾಡಿಗಳಲ್ಲಿ 1.5 ಇಂಚಿನದು. ನಮ್ಮೂರಿನ ಕೆರೆ ತೂಬು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅದೇ ಹಲಗೆ, ಅದೇ ಸಂದು.

ಬಿಗಿಯಾಗುವುದು ಯಾಕೆ? ಫ್ಯಾಕ್ಟರಿಯಲ್ಲಿ ಸೀಲಿಗೆ ಹಚ್ಚಿದ ಗ್ರೀಸ್ ದಿನ ಕಳೆದಂತೆ ತೊಳೆದುಹೋಗುತ್ತದೆ. ಆಮೇಲೆ ಒಣ ರಬ್ಬರ್ ಹಲಗೆಯನ್ನು ಕಚ್ಚಿ ಹಿಡಿಯುತ್ತದೆ. ಹಲಗೆ ಹೋಗಿ ಕೂರುವ ಸಂದಿನಲ್ಲಿ ಟಾಯ್ಲೆಟ್ ಪೇಪರ್, ಗಟ್ಟಿ ಕಸ ಸೇರಿಕೊಳ್ಳುತ್ತದೆ. ಗಾಡಿ ತಿಂಗಳುಗಟ್ಟಲೆ ನಿಂತೇ ಇದ್ದರೆ ಅದೆಲ್ಲಾ ಅಲ್ಲೇ ಒಣಗಿ ಗಟ್ಟಿಯಾಗುತ್ತದೆ. ಮಿಶಿಗನ್‌ನಲ್ಲಿ ನವೆಂಬರ್‌ನಿಂದ ಏಪ್ರಿಲ್‌ವರೆಗೆ ನಮ್ಮ ಟ್ರೈಲರ್ ಹೊರಗೆ ಬರುವುದೇ ಇಲ್ಲ. ಅಂದರೆ ವರ್ಷದಲ್ಲಿ ಹೆಚ್ಚು ಕಡಿಮೆ ಅರ್ಧ ಕಾಲ ಆ ರಬ್ಬರ್ ಸುಮ್ನೆ ಕೂತು ಒಣಗುತ್ತದೆ.

ಮೊದಲ ಬೇಸಿಗೆ ನನಗೆ ಇದ್ಯಾವುದೂ ಗೊತ್ತಿರಲಿಲ್ಲ. ಜೂನ್‌ನಲ್ಲೇ ಬ್ಲ್ಯಾಕ್ ಹಿಡಿಕೆ ಸ್ವಲ್ಪ ಬಿಗಿ ಅನ್ನಿಸಿತ್ತು. ಹಳೆಯ ಗಾಡಿ, ಹೀಗೇ ಇರುತ್ತೆ ಅಂದುಕೊಂಡೆ. ಜುಲೈನಲ್ಲಿ ಅಪ್ಪ ಅಮ್ಮ, ಹೆಂಡತಿ, ಮಗಳು ಎಲ್ಲರೂ ಸೇರಿ ಐದು ದಿನಕ್ಕೆ ಟಕ್ವಾಮೆನಾನ್ ಜಲಪಾತದ ಕಡೆ ಹೊರಟೆವು. ದಾರಿಯಲ್ಲಿ ಮ್ಯಾಕಿನಾ ಸೇತುವೆ, 1957ರಲ್ಲಿ ತೆರೆದದ್ದು, ಐದು ಮೈಲಿ ಉದ್ದ. ದಾಟುವಷ್ಟು ಹೊತ್ತೂ ಅಮ್ಮ ಕಣ್ಣು ಮುಚ್ಚಿಕೊಂಡೇ ಇದ್ದರು. ಜಲಪಾತದ ನೀರು ಕಂದು ಬಣ್ಣ, ದೇವದಾರು ಜಾತಿಯ ಮರಗಳ ಜೌಗು ನೆಲದಿಂದ ಬರುವ ಒಗರು ಅದಕ್ಕೆ ಆ ಬಣ್ಣ ಕೊಡುತ್ತದಂತೆ. ಅಮ್ಮ ನೋಡಿದವರೇ "ಕಾಫಿ ಡಿಕಾಕ್ಷನ್ ಸುರಿದಂಗೆ ಅದೆ" ಅಂದರು. ತುಂಬಾ ಚೆನ್ನಾಗಿ ಕಳೆದ ದಿನಗಳು ಅವು.

ಹೊರಡುವ ದಿನ ಡಂಪ್ ಸ್ಟೇಷನ್‌ನಲ್ಲಿ ಹೋಸ್ ಸಿಕ್ಕಿಸಿ ಬ್ಲ್ಯಾಕ್ ಹಿಡಿಕೆ ಎಳೆದೆ. ಒಂದು ಇಂಚು ಬಂತು, ನಿಂತಿತು. ಹಿಂದೆ ಮೂರು ಗಾಡಿ ಕಾಯುತ್ತಿದ್ದವು. ಎರಡೂ ಕೈ ಹಾಕಿದೆ. ಆಗಲಿಲ್ಲ. ಕಾಲನ್ನು ಚೌಕಟ್ಟಿಗೆ ಒತ್ತಿ ಹಿಡಿದು ಮೈಯೆಲ್ಲಾ ಬಲ ಬಿಟ್ಟು ಎಳೆದೆ. ಒಳಗೆ ಏನೋ ಕಟಕ್ ಅಂತು, ಹಿಡಿಕೆ ಪೂರ್ತಿ ಆಚೆ ಬಂತು, ನೀರು ಮಾತ್ರ ಸಣ್ಣಗೆ ಜಿನುಗಿತು ಅಷ್ಟೇ. ಅಪ್ಪ ಪಕ್ಕದಲ್ಲೇ ನಿಂತಿದ್ದರು. ಮಂಡ್ಯ ಕಡೆಯವರು ನಾವು, ನಾಲೆ ನೀರಿನ ಜಮೀನು. "ಜೋರಾಗಿ ಎಳೀಬೇಡ ಕಣಪ್ಪ. ಸಂದೀಲಿ ಹೂಳು ಕೂತದೆ. ಹಿಂದಕ್ಕೂ ಮುಂದಕ್ಕೂ ಅಲ್ಲಾಡ್ಸಿ ಬುಡುಸ್ಬೇಕು" ಅಂದರು. ಅವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಎಳೆದು ಮುಗಿಸಿದ ಮೇಲೆ ಹೇಳಿದರು ಅಷ್ಟೇ.

ಹಿಡಿಕೆ ಹಾಗೇ ತಳ್ಳಿ, ಕ್ಯಾಪ್ ಹಾಕಿ, ಸಾಲಿನಿಂದ ಗಾಡಿ ತೆಗೆದೆವು. ಟ್ಯಾಂಕಿನಲ್ಲಿ ಸುಮಾರು 20 ಗ್ಯಾಲನ್ ಇತ್ತು. ಒಂದು ಗ್ಯಾಲನ್ ನೀರು ಎಂಟು ಪೌಂಡಿಗೂ ಸ್ವಲ್ಪ ಜಾಸ್ತಿ. ಅಂದರೆ ಇಪ್ಪತ್ತೈದು ಕೆಜಿಯ ಮೂರು ಅಕ್ಕಿ ಮೂಟೆಯಷ್ಟು ಭಾರ. ಅದನ್ನು ಹೊತ್ತುಕೊಂಡು ಮುನ್ನೂರು ಮೈಲಿಗೂ ಜಾಸ್ತಿ ದೂರ ಮನೆಗೆ ಬಂದೆವು. ಒಳಗಿನ ಟಾಯ್ಲೆಟ್ ಯಾರೂ ಬಳಸುವ ಹಾಗಿರಲಿಲ್ಲ. ಅಪ್ಪನಿಗೆ ಎಪ್ಪತ್ತೆರಡು ವರ್ಷ, ಸಕ್ಕರೆ ಕಾಯಿಲೆ ಇದೆ. ಪ್ರತಿ ಗಂಟೆಗೊಮ್ಮೆ ರೆಸ್ಟ್ ಏರಿಯಾ ಹುಡುಕಬೇಕಾಯಿತು. ಅವತ್ತಿನ ಬೇಜಾರಿನಿಂದಲೇ ಇದನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮನೆಗೆ ಬಂದವನೇ ಈ ಬಾಟಲಿ ತಂದೆ. ಥೆಟ್‌ಫರ್ಡ್ ಇಲ್ಲೇ ಆನ್ ಆರ್ಬರ್‌ನವರು, 1963ರಿಂದ ಇರುವ ಕಂಪನಿ, ಆರ್‌ವಿ ಟಾಯ್ಲೆಟ್‌ಗೆ ಹೆಸರುವಾಸಿ. ಟಾಯ್ಲೆಟ್ ಒಳಗೆ ಅರ್ಧ ಬಾಟಲಿ ಸುರಿದೆ. ರಾತ್ರಿ ಬಿಟ್ಟೆ. ಬೆಳಿಗ್ಗೆ ಹಿಡಿಕೆ ಎಳೆದೆ. ಏನೂ ಆಗಲಿಲ್ಲ. ಆಗುವುದಾದರೂ ಹೇಗೆ? ಇಪ್ಪತ್ತು ಗ್ಯಾಲನ್ ಕೊಳಕಿನಲ್ಲಿ ಅರ್ಧ ಬಾಟಲಿ ಕದಡಿ ಹೋದರೆ ವಾಲ್ವಿನ ಹತ್ತಿರ ಎಷ್ಟು ತಲುಪುತ್ತದೆ? ಇದು ಖಾಲಿ ಟ್ಯಾಂಕಿಗೆ ಹಾಕುವ ವಸ್ತು. ಕೊಂಡ ತಕ್ಷಣ ಅವಸರದಲ್ಲಿ ತುಂಬಿದ ಟ್ಯಾಂಕಿಗೆ ಸುರಿದು, ಕೆಲಸಕ್ಕೆ ಬಾರದ್ದು ಅಂತ ಬರೆಯುವವರಿದ್ದಾರೆ. ಅದು ಬಾಟಲಿಯ ತಪ್ಪಲ್ಲ.

ಕೊನೆಗೆ ಮನೆಗೇ ಬಂದು ರಿಪೇರಿ ಮಾಡುವ ಒಬ್ಬ ಟೆಕ್ನಿಶಿಯನ್‌ನನ್ನು ಕರೆಸಿದೆ. ಆತ ಮೊದಲು ಮಾಡಿದ ಕೆಲಸ ನನಗೆ ದೊಡ್ಡ ಪಾಠ. ಗಾಡಿಯ ಹೊಟ್ಟೆಯ ಕೆಳಗಿನ ಪ್ಲಾಸ್ಟಿಕ್ ಹಾಳೆ ಬಿಚ್ಚಿದ. ಹೋಸ್ ಸಿಕ್ಕಿಸಿ ಇಟ್ಟುಕೊಂಡ. ಹಿಡಿಕೆಯಿಂದ ವಾಲ್ವಿಗೆ ಹೋಗುವ ಕೇಬಲ್ಲನ್ನು ವಾಲ್ವಿನ ತುದಿಯಲ್ಲಿ ಕಳಚಿದ. ಆಮೇಲೆ ವಾಲ್ವಿನ ಕಡ್ಡಿಯನ್ನೇ ಇಕ್ಕಳದಲ್ಲಿ ಹಿಡಿದು ಹಿಂದಕ್ಕೆ ಮುಂದಕ್ಕೆ ಮೆಲ್ಲಗೆ ಆಡಿಸಿದ. ಬಿಗಿಯಾಗಿಯೇ ಇತ್ತು, ಆದರೆ ಬಂತು. ಟ್ಯಾಂಕ್ ಖಾಲಿಯಾಯಿತು. ಅಪ್ಪ ಹೇಳಿದ ಹಾಗೇ!

ಅಂದರೆ ವಾಲ್ವ್ ಹೋಗಿರಲಿಲ್ಲ. ಹೋಗಿದ್ದು ಕೇಬಲ್. ಸೈಕಲ್ಲಿನ ಬ್ರೇಕ್ ವೈರ್ ಇದೆಯಲ್ಲ, ಕೊಳವೆಯ ಒಳಗೆ ತಂತಿ, ಅದೇ ರೀತಿ ಇದು. ಮಳೆ ನೀರು ಕೊಳವೆಯೊಳಗೆ ಹೋಗಿ ತಂತಿ ತುಕ್ಕು ಹಿಡಿಯುತ್ತದೆ. ಗಾಡಿ ಮಾಡಿದವರು ಜಾಗ ಸಾಲದೆ ಕೇಬಲ್ಲನ್ನು ಎರಡು ಮೂರು ಕಡೆ ಸೊಟ್ಟ ಬಗ್ಗಿಸಿ ಎಳೆದಿದ್ದರು. ಬಗ್ಗಿದ ಕಡೆಯಲ್ಲೆಲ್ಲಾ ತಿಕ್ಕಾಟ ಜಾಸ್ತಿ. ವಾಲ್ವ್ ಬಿಗಿಯಾದಷ್ಟೂ ನಾನು ಜಾಸ್ತಿ ಬಲ ಹಾಕಿದೆ, ಬಲ ಹಾಕಿದಷ್ಟೂ ಆ ಮಡಿಕೆಗಳಲ್ಲಿ ತಂತಿ ನಲುಗಿತು, ಕೊನೆಗೆ ಟಕ್ವಾಮೆನಾನ್‌ನಲ್ಲಿ ಕೇಬಲ್ ಹಿಡಿತದಿಂದಲೇ ಜಾರಿತು. ಜೂನ್‌ನಲ್ಲಿ ಸ್ವಲ್ಪ ಬಿಗಿ ಅನ್ನಿಸಿದಾಗಲೇ ಈ ಲೂಬ್ರಿಕಂಟ್ ಹಾಕಿದ್ದರೆ ಕೇಬಲ್ ಉಳಿಯುತ್ತಿತ್ತು. ಆತನಿಗೆ ಕೊಟ್ಟ ದುಡ್ಡಿನಲ್ಲಿ ಹತ್ತಾರು ಬಾಟಲಿ ಬರುತ್ತಿತ್ತು.

ಹಾಗಾಗಿ ಕೊಳ್ಳುವ ಮುಂಚೆ ನೀವೂ ಈ ಒಂದು ಪರೀಕ್ಷೆ ಮಾಡಿ. ಕೇಬಲ್ ಕಳಚಿ ವಾಲ್ವನ್ನು ಕೈಯಲ್ಲೇ ಜರುಗಿಸಿ ನೋಡಿ. ಸಲೀಸಾಗಿ ಜರುಗಿದರೆ ಕೇಬಲ್ ಬದಲಿಸಿ, ಬಾಟಲಿ ಬೇಡ. ಈ ದ್ರವ ಟ್ಯಾಂಕಿನ ಒಳಗಿನಿಂದ ವಾಲ್ವಿಗೆ ಬರುತ್ತದೆ, ಕೇಬಲ್ ಇರುವುದು ಹೊರಗೆ, ಅಲ್ಲಿಗೆ ಒಂದು ಹನಿಯೂ ಹೋಗುವುದಿಲ್ಲ. ಕೈಯಲ್ಲೂ ಬಿಗಿ ಅನ್ನಿಸಿದರೆ ಆಗ ಇದರ ಕೆಲಸ. ನಿಮ್ಮ ಗಾಡಿಯಲ್ಲಿ ಕೇಬಲ್ಲೇ ಇಲ್ಲ, ಹಿಡಿಕೆಯ ಕಡ್ಡಿ ನೇರ ವಾಲ್ವಿಗೇ ಹೋಗಿದೆ ಅಂದರೆ ನಿಮ್ಮ ಅದೃಷ್ಟ. ನಮ್ಮ ಗ್ರೇ ವಾಲ್ವ್ ಹಾಗಿದೆ.

ಈಗ ನಾನು ಇದನ್ನು ಬಳಸುವ ರೀತಿ. ಡಂಪ್ ಮಾಡುತ್ತೇನೆ, ಟ್ಯಾಂಕನ್ನು ಎರಡು ಸಲ ಶುದ್ಧ ನೀರಿನಲ್ಲಿ ಜಾಲಿಸುತ್ತೇನೆ. ವಾಲ್ವ್ ಮುಚ್ಚಿ, ಹೊರಗಿನ ಕ್ಯಾಪ್ ಹಾಕುತ್ತೇನೆ. ಟಾಯ್ಲೆಟ್ ಪೆಡಲ್ ಒತ್ತಿ ಹಿಡಿದು ಒಂದು ಕಾಫಿ ಲೋಟದಷ್ಟು ಸುರಿಯುತ್ತೇನೆ. ಗ್ರೇಗೆ ಸಿಂಕ್ ಮತ್ತು ಬಚ್ಚಲಿನ ಡ್ರೈನ್ ಎರಡರಲ್ಲೂ ಸ್ವಲ್ಪ ಸ್ವಲ್ಪ. ಆಮೇಲೆ ಮನೆ ಕಡೆ ಹೊರಡುತ್ತೇನೆ. ದಾರಿಯ ಕುಲುಕಾಟಕ್ಕೆ ಅದು ತಳದಲ್ಲೆಲ್ಲಾ ಓಡಾಡಿ ವಾಲ್ವಿನ ಹತ್ತಿರ ಸೇರುತ್ತದೆ. ಮನೆಗೆ ಬಂದ ಮೇಲೆ ಕ್ಯಾಪ್ ಹಾಕಿಕೊಂಡೇ ಹಿಡಿಕೆಯನ್ನು ಐದಾರು ಸಲ ಎಳೆದು ತಳ್ಳುತ್ತೇನೆ. ಸ್ವಲ್ಪ ದ್ರವ ಪೈಪಿಗೆ ಇಳಿದಿರುತ್ತದೆ, ಮುಂದಿನ ಸಲ ಕ್ಯಾಪ್ ತೆಗೆಯುವಾಗ ಕೆಳಗೆ ಬಕೆಟ್ ಇಡಿ. ಎರಡು ಮೂರು ಟ್ರಿಪ್ಪಿಗೆ ಒಮ್ಮೆ ಹೀಗೆ ಮಾಡಿದರೆ ಸಾಕು. ಒಂದು ಬಾಟಲಿ ನನಗೆ ಹತ್ತಿರ ಹತ್ತಿರ ಒಂದು ಸೀಸನ್ ಬರುತ್ತದೆ.

ವ್ಯತ್ಯಾಸ ಕೈಗೆ ತಿಳಿಯುತ್ತದೆಯಾ? ಖಂಡಿತ ತಿಳಿಯುತ್ತದೆ. ಮೊದಲ ಸಲ ಹಾಕಿದಾಗ ಒಂದೇ ಏಟಿಗೆ ಅಲ್ಲ. ಎರಡನೇ ಸಲಕ್ಕೆ ಗ್ರೇ ಹಿಡಿಕೆ ಎರಡು ಬೆರಳಲ್ಲಿ ಬರತೊಡಗಿತು. ಮುಚ್ಚುವಾಗ ಹಲಗೆ ತಳಕ್ಕೆ ಹೋಗಿ ಕೂತದ್ದು ಕೈಗೆ ಗೊತ್ತಾಗುತ್ತದೆ. ತೆರೆಯುವುದಕ್ಕಿಂತ ಈ ಮುಚ್ಚುವುದೇ ಮುಖ್ಯ. ಅರೆಬರೆ ಮುಚ್ಚಿದ ವಾಲ್ವ್ ಒಳಗೊಳಗೇ ಜಿನುಗಿ ಪೈಪಿನಲ್ಲಿ ತುಂಬಿಕೊಂಡಿರುತ್ತದೆ, ನಾವು ಗೊತ್ತಿಲ್ಲದೆ ಕ್ಯಾಪ್ ತಿರುಗಿಸಿದರೆ ಎಲ್ಲಾ ಕಾಲ ಮೇಲೆ.

ನೇರ ಕಡ್ಡಿ ಇರುವ ವಾಲ್ವಿಗೆ ಹೊರಗಿನಿಂದಲೂ ಒಂದು ಕೆಲಸ ಮಾಡಬೇಕು. ಹಿಡಿಕೆ ಆಚೆ ಎಳೆದು, ಕಡ್ಡಿಯನ್ನು ಬಟ್ಟೆಯಲ್ಲಿ ಒರೆಸಿ, ಸಿಲಿಕೋನ್ ಸ್ಪ್ರೇ ಹೊಡೆದು, ನಾಲ್ಕೈದು ಸಲ ಒಳಗೆ ಹೊರಗೆ ಆಡಿಸಿ. ಸಿಲಿಕೋನ್ ಅಂತಲೇ ನೋಡಿ ತಗೊಳ್ಳಿ. ಬಾಗಿಲ ಕೀಲಿಗೆ ಹೊಡೆಯುವ ಪೆಟ್ರೋಲಿಯಂ ಸ್ಪ್ರೇ, ವ್ಯಾಸಲೀನ್ ಇಂಥದ್ದು ಬೇಡ. ಕೆಲವು ಜಾತಿಯ ರಬ್ಬರ್ ಪೆಟ್ರೋಲಿಯಂ ತಾಗಿದರೆ ಉಬ್ಬಿಕೊಳ್ಳುತ್ತದೆ. ಉಬ್ಬಿದ ಸೀಲ್ ಮೊದಲಿಗಿಂತ ಬಿಗಿ.

ಅಡುಗೆ ಎಣ್ಣೆ ಹಾಕಿ, ಇದಕ್ಕೆಲ್ಲಾ ಯಾಕೆ ದುಡ್ಡು ಅನ್ನುವವರು ಬಹಳ ಜನ. ನಾನೂ ಕೇಳಿಸಿಕೊಂಡಿದ್ದೇನೆ. ಅವತ್ತಿನ ಮಟ್ಟಿಗೆ ಜಾರುತ್ತದೆ, ಸುಳ್ಳಲ್ಲ. ಆದರೆ ಒಲೆ ಪಕ್ಕದ ಗೋಡೆ ನೋಡಿ. ಒಗ್ಗರಣೆಯಿಂದ ಸಿಡಿದ ಎಣ್ಣೆ ನಾಲ್ಕು ತಿಂಗಳಲ್ಲಿ ಏನಾಗಿರುತ್ತದೆ? ಅಂಟು ಜಿಡ್ಡು. ಉಜ್ಜಿದರೂ ಹೋಗುವುದಿಲ್ಲ. ಟ್ಯಾಂಕಿನೊಳಗೂ ಅದೇ ಆಗುತ್ತದೆ, ಅದರ ಮೇಲೆ ಪೇಪರ್ ಚೂರು ಬೇರೆ ಬಂದು ಕೂರುತ್ತದೆ. ಚಳಿಗಾಲ ಪೂರ್ತಿ ನಿಲ್ಲುವ ಗಾಡಿಗೆ ನಾನಂತೂ ಅಡುಗೆ ಎಣ್ಣೆ ಹಾಕುವುದಿಲ್ಲ.

ಇಲ್ಲಿ ನಮ್ಮ ಮನೆಗಳಿಗೇ ಸೇರಿದ ಒಂದು ಮಾತಿದೆ, ಗ್ರೇ ಟ್ಯಾಂಕಿನದು. ಬ್ಲ್ಯಾಕ್ ವಾಲ್ವ್ ಬಗ್ಗೆ ಎಲ್ಲರೂ ಮಾತಾಡುತ್ತಾರೆ, ಗ್ರೇ ಬಗ್ಗೆ ಯಾರೂ ಹೇಳುವುದಿಲ್ಲ, ಬರೀ ಸೋಪಿನ ನೀರು ತಾನೇ ಅಂತ. ನಮ್ಮ ಅಡುಗೆಗೆ ಅದು ನಿಜವಲ್ಲ. ಅಮ್ಮ ಬಂದ ಬೇಸಿಗೆ ಟ್ರೈಲರ್‌ನಲ್ಲಿ ದಿನಾ ಎರಡು ಹೊತ್ತು ಪೂರ್ತಿ ಅಡುಗೆ. ಅನ್ನ ಬಸಿದ ಗಂಜಿ, ಸಾರಿನ ತಳ, ಹುಣಸೆಹಣ್ಣಿನ ನಾರು, ಒಗ್ಗರಣೆಯ ಸಾಸಿವೆ, ಕರಿಬೇವು, ಎಲ್ಲಾ ಸಿಂಕಿಗೆ. ಚಿಕ್ಕವರಿದ್ದಾಗ ಗಾಳಿಪಟಕ್ಕೆ ಅನ್ನದ ಅಗುಳು ಹಿಸುಕಿ ಅಂಟಿಸುತ್ತಿದ್ದೆವಲ್ಲ? ಅದೇ ಅಂಟು ಈ ಸೀಲಿನ ಮೇಲೆ ಪದರ ಪದರವಾಗಿ ಕೂರುತ್ತದೆ. 1.5 ಇಂಚಿನ ವಾಲ್ವ್, ಸಂದು ಇನ್ನೂ ಚಿಕ್ಕದು, ಒಂದು ಸಾಸಿವೆ ಕಾಳು ಸಿಕ್ಕಿಕೊಂಡರೂ ಹಲಗೆ ತಳ ಮುಟ್ಟುವುದಿಲ್ಲ.

ಅಂಥ ಗ್ರೇ ವಾಲ್ವಿಗೆ ಲೂಬ್ರಿಕಂಟ್ ಮೊದಲಲ್ಲ, ತೊಳೆಯುವುದು ಮೊದಲು. ಟ್ಯಾಂಕಿಗೆ ಅರ್ಧ ಬಿಸಿನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಧಾರಾಳವಾಗಿ ಹಾಕಿ, ರಾತ್ರಿ ನೆನೆಯಲು ಬಿಡಿ. ಕುದಿಯುವ ನೀರು ಬೇಡ, ಪೈಪ್ ಪ್ಲಾಸ್ಟಿಕ್. ಬೆಳಿಗ್ಗೆ ಸ್ವಲ್ಪ ದೂರ ಗಾಡಿ ಓಡಿಸಿ, ಆಮೇಲೆ ಡಂಪ್ ಮಾಡಿ. ನಮ್ಮದು ಮೂರು ರಾತ್ರಿ ಹೀಗೆ ನೆನೆಸಿದ ಮೇಲೆ ಸರಿಯಾಯಿತು. ಜಿಡ್ಡು ಹೋದ ಸೀಲಿಗೆ ಲೂಬ್ರಿಕಂಟ್ ಹಿಡಿಯುತ್ತದೆ, ಜಿಡ್ಡಿನ ಮೇಲೆ ಸುರಿದರೆ ಸುಮ್ನೆ ದಂಡ. ಈಗ ಸಿಂಕಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿದ್ದೇವೆ, ಬಾಣಲೆ ತೊಳೆಯುವ ಮುಂಚೆ ಪೇಪರ್ ಟವೆಲ್‌ನಲ್ಲಿ ಒರೆಸುತ್ತೇವೆ. ಅನ್ನ ಬಸಿಯುವುದು ನಿಂತಿದೆ, ಅಳತೆ ನೀರಿಟ್ಟು ಕುಕ್ಕರಿನಲ್ಲಿ ಮಾಡುತ್ತೇವೆ. ಅಮ್ಮನಿಗೆ ಕಾರಣ ಹೇಳಿದಾಗ ಬೇಜಾರು ಮಾಡಿಕೊಳ್ಳಲಿಲ್ಲ, ಜಾಲರಿ ಚೊಕ್ಕಟ ಮಾಡುವ ಕೆಲಸ ಅವರೇ ವಹಿಸಿಕೊಂಡರು.

ಬ್ಲ್ಯಾಕ್ ಟ್ಯಾಂಕಿಗೆ ಬೇಕಾಗಿರುವುದು ನೀರು, ಧಾರಾಳ ನೀರು. ನೀರು ಉಳಿಸಲು ಹೋಗಿ ಸ್ವಲ್ಪ ಸ್ವಲ್ಪ ಫ್ಲಶ್ ಮಾಡಿದರೆ ಗಟ್ಟಿ ಎಲ್ಲಾ ತಳದಲ್ಲಿ ಗುಡ್ಡೆಯಾಗುತ್ತದೆ. ಕ್ಯಾಂಪ್ ಜಾಗದಲ್ಲೇ ಒಳಚರಂಡಿ ಸಂಪರ್ಕ ಸಿಕ್ಕಾಗ ಬ್ಲ್ಯಾಕ್ ವಾಲ್ವ್ ತೆರೆದೇ ಬಿಡುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ನೀರೆಲ್ಲಾ ಹರಿದು ಹೋಗುತ್ತದೆ, ಗಟ್ಟಿ ಉಳಿದು ಒಣಗುತ್ತದೆ, ವಾಲ್ವಿನ ಸಂದಿನಲ್ಲೂ ಒಣಗುತ್ತದೆ. ಮೂರರಲ್ಲಿ ಎರಡು ಭಾಗ ತುಂಬುವವರೆಗೆ ಮುಚ್ಚಿಡಿ, ಆಮೇಲೆ ಒಂದೇ ಸಲ ಬಿಡಿ. ನೀರಿನ ಆ ರಭಸ ಸಂದನ್ನೂ ತೊಳೆಯುತ್ತದೆ. ಬ್ಲ್ಯಾಕ್ ಮೊದಲು, ಗ್ರೇ ಆಮೇಲೆ, ಆಗ ಸೋಪಿನ ನೀರು ಹೋಸನ್ನೂ ಜಾಲಿಸಿಕೊಂಡು ಹೋಗುತ್ತದೆ.

ಬಾಟಲಿಯ ಜೊತೆ ಇನ್ನೊಂದು ವಸ್ತುವನ್ನೂ ಹೇಳಬೇಕು. ವಾಲ್ಟೆರಾ ಕಂಪನಿಯ ಟ್ವಿಸ್ಟ್-ಆನ್ ವಾಲ್ವ್, 3 ಇಂಚಿನದು. ಹೋಸ್ ಸಿಕ್ಕಿಸುವ ಬಾಯಿಗೇ ತಿರುಗಿಸಿ ಕೂರಿಸಬಹುದು, ಒಂದು ಸ್ಪ್ಯಾನರ್ ಕೂಡ ಬೇಡ. ಒಳಗಿನ ವಾಲ್ವ್ ಜಿನುಗಿದರೂ ಇದು ತಡೆಯುತ್ತದೆ. ನಮ್ಮ ಗಾಡಿಯಲ್ಲಿ ಈಗ ಯಾವಾಗಲೂ ಇರುತ್ತದೆ. ಆದರೆ ಇದನ್ನೇ ನಂಬಿಕೊಂಡು ಒಳಗಿನ ಕೆಟ್ಟ ವಾಲ್ವನ್ನು ಹಾಗೇ ಬಿಡಬೇಡಿ. ಬ್ಲ್ಯಾಕ್ ಮತ್ತು ಗ್ರೇ ಹೊರಗೆ ಹೋಗುವುದು ಒಂದೇ ಪೈಪಿನಲ್ಲಿ. ಬ್ಲ್ಯಾಕ್ ವಾಲ್ವ್ ತೆರೆದುಕೊಂಡೇ ಇದ್ದು ಹೊರಗಿನದು ಮುಚ್ಚಿದ್ದರೆ, ಗ್ರೇ ವಾಲ್ವ್ ತೆಗೆದ ಕ್ಷಣ ಟಾಯ್ಲೆಟ್ ನೀರು ಗ್ರೇ ಟ್ಯಾಂಕಿಗೆ ನುಗ್ಗಬಹುದು. ಆ ಟ್ಯಾಂಕಿಗೆ ಸೇರಿರುವುದು ನಿಮ್ಮ ಅಡುಗೆ ಸಿಂಕ್ ಮತ್ತು ಬಚ್ಚಲು.

ಎರಡನೇ ಸೀಸನ್ ಮುಗಿಯುವಾಗ ಬ್ಲ್ಯಾಕ್ ವಾಲ್ವನ್ನೇ ಬದಲಿಸಿದೆ. ಲೂಬ್ರಿಕಂಟಿನಿಂದ ಹಲಗೆ ಜರುಗುತ್ತಿತ್ತು, ಆದರೆ ಸೀಲಿನ ಅಂಚು ಸವೆದು ಹನಿ ಬೀಳುವುದು ನಿಂತಿರಲಿಲ್ಲ. ಹರಿದ ರಬ್ಬರನ್ನು ಯಾವ ಎಣ್ಣೆಯೂ ಹೊಲಿಯುವುದಿಲ್ಲ. ವಾಲ್ಟೆರಾದವರದೇ ಬ್ಲೇಡೆಕ್ಸ್ ವಾಲ್ವ್ ತಂದೆ, ಸೀಲ್ ಜೊತೆಗೇ ಬರುತ್ತದೆ. ನಾಲ್ಕು ಬೋಲ್ಟ್, 7/16 ಇಂಚಿನ ಸ್ಪ್ಯಾನರ್ ಸಾಕು. ಟ್ಯಾಂಕನ್ನು ನಾಲ್ಕೈದು ಸಲ ಜಾಲಿಸಿ, ಉಳಿದ ನೀರು ವಾಲ್ವಿನಿಂದ ಆ ಕಡೆ ಹೋಗುವ ಹಾಗೆ ಗಾಡಿಯನ್ನು ಓರೆ ಮಾಡಿ ನಿಲ್ಲಿಸಿ. ಕೈಗೆ ಉದ್ದ ಗ್ಲೌಸ್, ಕಣ್ಣಿಗೆ ಕನ್ನಡಕ.

ಕಷ್ಟ ಇರುವುದು ಒಂದೇ ಕಡೆ. ಹೊಸ ವಾಲ್ವನ್ನು ಎರಡು ಪೈಪ್ ಬಾಯಿಯ ನಡುವೆ ತೂರಿಸುವಾಗ ಸೀಲ್ ತನ್ನ ಜಾಗದಿಂದ ಜಾರಿ ಮಡಚಿಕೊಳ್ಳುತ್ತದೆ. ಕಣ್ಣಿಗೆ ಕಾಣುವುದಿಲ್ಲ. ಬೋಲ್ಟ್ ಬಿಗಿ ಮಾಡಿ ನೀರು ಬಿಟ್ಟ ಮೇಲೆ ಸೋರುತ್ತದೆ. ಮೊದಲ ಸಲ ನನಗೂ ಹಾಗೇ ಆಗಿ ಮತ್ತೆ ಬಿಚ್ಚಿದೆ. ಎರಡನೇ ಸಲ ಪ್ಲಂಬರ್‌ಗಳು ಬಳಸುವ ಸಿಲಿಕೋನ್ ಗ್ರೀಸ್ ಅನ್ನು ಸೀಲಿನ ಸುತ್ತ ದಪ್ಪಕ್ಕೆ ಮೆತ್ತಿದೆ, ಸೀಲ್ ಅಂಟಿಕೊಂಡು ನಿಂತಿತು, ವಾಲ್ವ್ ಜಾರಿಕೊಂಡು ಒಳಗೆ ಹೋಯಿತು. ಹಲಗೆಗೂ ಅದೇ ಗ್ರೀಸ್ ಸವರಿದೆ. ಬೋಲ್ಟ್‌ಗಳನ್ನು ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು, ಒಂದನ್ನೇ ಪೂರ್ತಿ ಬಿಗಿ ಮಾಡಿದರೆ ಪ್ಲಾಸ್ಟಿಕ್ ಸೊಟ್ಟಗಾಗುತ್ತದೆ. ಭಾವಮೈದ ಪೈಪ್ ಹಿಡಿದುಕೊಂಡ, ಇಬ್ಬರಿಗೂ ಒಂದು ಮಧ್ಯಾಹ್ನದ ಕೆಲಸ. ಕೇಬಲ್ಲನ್ನೂ ಅವತ್ತೇ ಮತ್ತೊಮ್ಮೆ ನೋಡಿ, ಸೊಟ್ಟ ಮಡಿಕೆ ಇಲ್ಲದ ಹಾಗೆ ಅಗಲವಾಗಿ ಸುತ್ತಿಸಿ ಕಟ್ಟಿದೆವು.

ಹೊಸ ವಾಲ್ವ್ ಹಾಕಿದ ಮೇಲೂ ಬಾಟಲಿ ಬಿಟ್ಟಿಲ್ಲ. ಹಳೆಯದನ್ನು ಉಳಿಸುವುದಕ್ಕಿಂತ ಹೊಸದನ್ನು ಕಾಯುವುದರಲ್ಲೇ ಇದರ ನಿಜವಾದ ಬೆಲೆ ಕಂಡದ್ದು. ವರ್ಷದ ಕೊನೆಯ ಡಂಪ್ ಆದ ಮೇಲೆ, ಚಳಿಗಾಲಕ್ಕೆ ಗಾಡಿ ನಿಲ್ಲಿಸುವ ದಿನ, ಇದನ್ನು ಸ್ವಲ್ಪ ಜಾಸ್ತಿಯೇ ಹಾಕುತ್ತೇನೆ. ವಾಲ್ವ್ ಆಡಿಸಿ, ಆಮೇಲೆ ಆರ್‌ವಿಗೆ ಅಂತಲೇ ಬರುವ ಗುಲಾಬಿ ಬಣ್ಣದ ಆಂಟಿಫ್ರೀಜ್ ಎರಡೂ ಟ್ಯಾಂಕಿಗೆ ಸುರಿಯುತ್ತೇನೆ. ವಾಲ್ವಿನ ಹತ್ತಿರ ನೀರು ಉಳಿದು ಹೆಪ್ಪುಗಟ್ಟಿದರೆ ಪ್ಲಾಸ್ಟಿಕ್ ಬಿರಿಯುತ್ತದೆ. ಕಾರಿನ ಆಂಟಿಫ್ರೀಜ್ ಬೇಡ, ಅದು ವಿಷ. ಏಪ್ರಿಲ್‌ನಲ್ಲಿ ಇನ್ನೂ ಚಳಿ ಇರುವಾಗ ಹಿಡಿಕೆ ಗಟ್ಟಿ ಅನ್ನಿಸಿದರೆ ಎಳೆಯಬೇಡಿ. ಬಿಸಿಲು ಬಂದ ದಿನ, ಮಧ್ಯಾಹ್ನದ ಮೇಲೆ ನೋಡಿ.

ಅಂಗಡಿಯಲ್ಲಿ ಇದರ ಪಕ್ಕದಲ್ಲೇ ಟಾಯ್ಲೆಟ್ ಬೌಲಿನ ಸೀಲಿಗೆ ಹಾಕುವ ಬೇರೆ ಬಾಟಲಿಯೂ ಇಟ್ಟಿರುತ್ತಾರೆ, ಹೆಸರು ಓದಿ ತಗೊಳ್ಳಿ. ಆರ್‌ವಿ ಸಾಮಾನಿನ ಅಂಗಡಿಗಳಲ್ಲಿ, ಆನ್‌ಲೈನಿನಲ್ಲಿ ಸುಲಭವಾಗಿ ಸಿಗುತ್ತದೆ. ನಾನು ಹದಿನೈದು ಡಾಲರ್ ಒಳಗೇ ಕೊಂಡಿದ್ದೇನೆ. ಒಂದೇ ಬಾಟಲಿ ತಗೊಳ್ಳಿ, ಮೊದಲು ಖಾಲಿ ಟ್ಯಾಂಕಿಗೆ ಎರಡು ಸಲ ಹಾಕಿ ನೋಡಿ.

ಈ ಸಲ ಮೇ ತಿಂಗಳಲ್ಲಿ ಅಪ್ಪ ಅಮ್ಮ ಮತ್ತೆ ಬರುತ್ತಿದ್ದಾರೆ. ಅಪ್ಪನಿಗೆ ಬಗ್ಗಿ ಹಿಡಿಕೆ ಎಳೆಯುವುದು ಕಷ್ಟ, ಆದರೆ ಅದು ತನ್ನ ಕೆಲಸ ಅಂತ ಬಿಡುವುದೇ ಇಲ್ಲ. ಅದಕ್ಕೆ ಸ್ವಿಚ್ ಒತ್ತಿದರೆ ತೆರೆಯುವ ಎಲೆಕ್ಟ್ರಿಕ್ ವಾಲ್ವ್ ಬಗ್ಗೆ ವಿಚಾರಿಸುತ್ತಿದ್ದೇನೆ. ಯಾರಾದರೂ ಹಾಕಿಸಿದ್ದರೆ ಹೇಳಿ. ಬ್ಯಾಟರಿ ಪೂರ್ತಿ ಇಳಿದಾಗ ಅದನ್ನು ಕೈಯಲ್ಲಿ ಮುಚ್ಚಲು ಆಗುತ್ತದೆಯಾ, ಮಿಶಿಗನ್‌ನಂಥ ಚಳಿ ಕಂಡ ಮೇಲೂ ಸರಿಯಾಗಿ ನಡೆಯುತ್ತಿದೆಯಾ, ಈ ಎರಡು ಗೊತ್ತಾದರೆ ಸಾಕು.